ಮನೆಯ ನೀರಿನ ಫಿಲ್ಟರ್ ಕೈಕೊಟ್ರೆ ಯಾವ ಕ್ಯಾಂಡಲ್ ಹೋದದ್ದು ಅಂತ ಗೊತ್ತು ಮಾಡುದು ಹೇಗೆ

ಮೊನ್ನೆ ಜುಲೈಯಲ್ಲಿ ಸುರತ್ಕಲ್‌ನಿಂದ ಅತ್ತೆ ಫೋನ್ ಮಾಡಿದ್ರು. "ಫಿಲ್ಟರಿನ ಟ್ಯಾಂಕ್ ಬೆಳಿಗ್ಗೆ ಖಾಲಿ ಆದ್ರೆ ಸಾಯಂಕಾಲಕ್ಕೂ ತುಂಬುದಿಲ್ಲ ಮಗಾ, ಸರ್ವಿಸ್‌ನವ್ರು ಬಂದು ನೋಡಿ ಮೆಂಬ್ರೇನ್ ಹೋಗಿದೆ, ಒಟ್ಟಿಗೆ ಎಲ್ಲ ಚೇಂಜ್ ಮಾಡ್ಬೇಕು, ಐದು ಸಾವಿರ ಆಗ್ತದೆ ಹೇಳಿ ಹೋದ್ರು, ಎಂತ ಮಾಡುದು?" ಅಂತ. ನಾನು "ಅತ್ತೆ, ಎಂತ ಮಾಡ್ಬೇಡಿ, ಆದಿತ್ಯವಾರ ನಾನೇ ಬರ್ತೇನೆ" ಅಂದೆ. ಹೋಗಿ ನೋಡಿದ್ರೆ ಹೊರಗೆ ಗೋಡೆಯಲ್ಲಿ ನೇತಾಡುವ ಬೌಲಿನ ಒಳಗಿದ್ದ ಬಿಳಿ ಕ್ಯಾಂಡಲ್ ಮುರಕಲ್ಲಿನ, ಅಂದ್ರೆ ನಮ್ಮ ಕಡೆಯ ಕೆಂಪುಕಲ್ಲಿನ, ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಹೋಗಿತ್ತು, ಅದ್ರಲ್ಲಿ ನೀರು ಹೋಗುವ ದಾರಿಯೇ ಇಲ್ಲ. ನೂರೈವತ್ತು ರೂಪಾಯಿಗೆ ಹೊಸದು ತಂದು ಹಾಕಿದ ಮೇಲೆ ಒಂದು ಗಂಟೆಯಲ್ಲಿ ಟ್ಯಾಂಕ್ ತುಂಬಿತು. ಮೆಂಬ್ರೇನಿಗೆ ಎಂತದೂ ಆಗಿರ್ಲಿಲ್ಲ.

ಅದಕ್ಕೇ ಇದನ್ನು ಬರೆಯುದು. ನಮ್ಮ ಮಂಗಳೂರು ಉಡುಪಿ ಕಡೆ ನೀರು ವರ್ಷಕ್ಕೆ ಮೂರು ಸಲ ಗುಣ ಬದಲಾಯಿಸ್ತದೆ, ಜೂನ್ ಜುಲೈಯಲ್ಲಿ ಕೆಂಪು ಕಲಂಕು, ಮಳೆ ಬಿಟ್ಟ ಮೇಲೆ ತಿಳಿ, ಏಪ್ರಿಲ್ ಮೇ ಬಂದಾಗ ಕಡಲಬದಿ ಉಪ್ಪು. ಹಾಗಾಗಿ ಬಾಕ್ಸಿನ ಮೇಲೆ ಬರೆದ "6 ತಿಂಗಳಿಗೊಮ್ಮೆ ಬದಲಿಸಿ" ಅನ್ನುದು ಇಲ್ಲಿ ಹಾಗೆ ಹಾಗೇ ನಡೆಯುದಿಲ್ಲ, ಮಳೆಗಾಲದಲ್ಲಿ ಒಂದೂವರೆ ತಿಂಗಳಿಗೆ ಹೋದದ್ದುಂಟು, ಬೇರೆ ಸಮಯದಲ್ಲಿ ಎಂಟು ತಿಂಗಳು ಬಂದದ್ದೂ ಉಂಟು. ಕ್ಯಾಲೆಂಡರಿಗಿಂತ ಮುಂಚೆ ಲಕ್ಷಣ ನೋಡ್ಬೇಕು.

ಒಳಗೆ ಎಂತೆಂತ ಉಂಟು ಅಂತ ಮೊದ್ಲು

ಸಾಧಾರಣ ಎಲ್ಲ ಆರ್‌ಓ, ಅಂದ್ರೆ ಮೆಂಬ್ರೇನ್ ಇರುವ, ಫಿಲ್ಟರಲ್ಲಿ ನೀರು ಹೋಗುವ ದಾರಿ ಒಂದೇ. ಮೊದ್ಲು ಹೊರಗಿನ ಬೌಲಿನ ಬಿಳಿ ಕ್ಯಾಂಡಲ್, ಅದು ಮಣ್ಣು ಹಿಡಿತದೆ. ಆಮೇಲೆ ಒಳಗೆ ಮಣ್ಣು ಹಿಡಿಯುವ ಇನ್ನೊಂದು ಸಣ್ಣ ಫಿಲ್ಟರ್, ಸೆಡಿಮೆಂಟ್ ಅಂತಾರೆ, ಮತ್ತೆ ಕಾರ್ಬನ್, ಇದು ಕ್ಲೋರಿನ್ ಮತ್ತೆ ವಾಸನೆ ತೆಗೀತದೆ. ಅದಾದ ಮೇಲೆ ಪಂಪ್ ಒತ್ತಡ ಕೊಟ್ಟು ಮೆಂಬ್ರೇನ್ ಅನ್ನುವ ತೆಳು ಪೊರೆಗೆ ದೂಡ್ತದೆ, ಅಲ್ಲಿ ಉಪ್ಪು ಬೇರೆ ಆಗಿ ವೇಸ್ಟ್ ಪೈಪಲ್ಲಿ ಹೊರಗೆ ಹೋಗ್ತದೆ. ಕೊನೆಗೆ ಕಿರಣದಲ್ಲಿ ರೋಗಾಣು ಕೊಲ್ಲುವ ಯುವಿ ಲ್ಯಾಂಪ್, ಕೆಲವದ್ರಲ್ಲಿ ಅದು ಇರುದಿಲ್ಲ.

ಇದ್ರಲ್ಲಿ ಮುಖ್ಯ ಸಂಗತಿ ಎಂತ ಅಂದ್ರೆ ಮೊದ್ಲು ಬರುವದ್ದು ಆಮೇಲೆ ಬರುವದ್ದನ್ನು ಕಾಪಾಡ್ತದೆ. ನೂರೈವತ್ತು ರೂಪಾಯಿಯ ಕ್ಯಾಂಡಲ್ ಸಮಯಕ್ಕೆ ಬದಲಿಸದಿದ್ರೆ ಮಣ್ಣು ಕಾರ್ಬನಿಗೆ ಹೋಗ್ತದೆ, ಕಾರ್ಬನ್ ಮುಗಿದ್ರೆ ಕ್ಲೋರಿನ್ ಮೆಂಬ್ರೇನಿಗೆ ಹೋಗ್ತದೆ, ಮೆಂಬ್ರೇನ್ ಮೇಲಿರುವ ತೆಳು ಪದರ ಕ್ಲೋರಿನಿಗೆ ಹಾಳಾಗ್ತದೆ, ಮತ್ತೆ ಅದು ಸರಿ ಆಗುದಿಲ್ಲ. ಎರಡು ಮೂರು ವರ್ಷ ಬರ್ಬೇಕಾದ ಮೆಂಬ್ರೇನ್ ಒಂದೇ ವರ್ಷಕ್ಕೆ ಹೋಗುದು ಸಾಧಾರಣ ಹೀಗೆ.

ಕೈ ಹಾಕುವ ಮೊದ್ಲು ಪ್ಲಗ್ ತೆಗೀರಿ, ಸ್ವಿಚ್ ಆಫ್ ಮಾಡಿದ್ರೆ ಮಾತ್ರ ಸಾಲದು. ನೀರಿನ ವಾಲ್ವ್ ಬಂದ್ ಮಾಡಿ, ಕೆಳಗೊಂದು ಬಕೆಟ್ ಇಡಿ, ಕೈ ಒರೆಸ್ಲಿಕ್ಕೆ ಒಣ ಬಟ್ಟೆ ಇಟ್ಕೊಳ್ಳಿ. ಒಂದು ಟಿಡಿಎಸ್ ಮೀಟರ್ ಮನೆಯಲ್ಲಿರ್ಲಿ, ಲೀಟರ್ ನೀರಲ್ಲಿ ಉಪ್ಪು ಖನಿಜ ಎಷ್ಟು ಮಿಲಿಗ್ರಾಂ ಕರಗಿದೆ ಅಂತ ತೋರಿಸ್ತದೆ, ಪೆನ್ನಿನ ಹಾಗೆ ಇರ್ತದೆ, ಮುನ್ನೂರು ನಾನ್ನೂರಕ್ಕೆ ಸಿಗ್ತದೆ. ಬೌಲ್ ತೆಗಿಯುವ ಪ್ಲಾಸ್ಟಿಕ್ ಸ್ಪ್ಯಾನರ್ ಮಶಿನ್ ಒಟ್ಟಿಗೇ ಕೊಟ್ಟಿರ್ತಾರೆ, ಹುಡುಕಿ ನೋಡಿ.

ಟ್ಯಾಂಕ್ ತುಂಬುದಿಲ್ಲ, ನೀರು ಸಪೂರ ಆಗಿದೆ

ಹೆಚ್ಚಿನವ್ರು ಹೇಳುವ ಕಂಪ್ಲೇಂಟ್ ಇದೇ. ಸುಲಭದ್ದು ಮೊದ್ಲು ನೋಡುವ.

ಮಾಡಿನ ಮೇಲಿನ ಟ್ಯಾಂಕಲ್ಲಿ ನೀರು ಉಂಟಾ, ಫಿಲ್ಟರಿಗೆ ಬರುವ ವಾಲ್ವ್ ಪೂರ್ತಿ ತೆರೆದಿದೆಯಾ, ಪೈಪ್ ಎಲ್ಲಾದ್ರೂ ಮಡಚಿದೆಯಾ. ಮನೆ ಕ್ಲೀನ್ ಮಾಡುವಾಗ ಫಿಲ್ಟರ್ ಗೋಡೆಗೆ ಒತ್ತಿ ಹಿಂದಿನ ಪೈಪ್ ಮಡಚುದು ತುಂಬ ಸಲ ಆಗ್ತದೆ. ಹೆಚ್ಚಿನ ಮಶಿನಿಗೆ ಬರುವ ನೀರಲ್ಲಿ ಕನಿಷ್ಠ 0.3 ಕೆಜಿ ಒತ್ತಡ ಬೇಕು, ಅಂದ್ರೆ ಟ್ಯಾಂಕ್ ಫಿಲ್ಟರಿಗಿಂತ ಹತ್ತಿರ ಹತ್ತಿರ 3 ಮೀಟರ್ ಮೇಲೆ ಇರ್ಬೇಕು. ಮಹಡಿಯಲ್ಲಿ ಅಡುಗೆಮನೆ ಇದ್ದು ಟ್ಯಾಂಕ್ ಬರೇ ಅದರ ಮೇಲೆಯೇ ಕೂತಿದ್ರೆ ಹೊಸ ಕ್ಯಾಂಡಲ್ ಹಾಕಿದ್ರೂ ಸಪೂರವೇ ಬರ್ತದೆ, ಅದಕ್ಕೆ ಕ್ಯಾಂಡಲ್ ಕಾರಣ ಅಲ್ಲ.

ಇದೆಲ್ಲ ಸರಿ ಇದ್ರೆ ಹೊರಗಿನ ಬೌಲ್ ಬಿಚ್ಚಿ ನೋಡಿ. ಕ್ಯಾಂಡಲ್ ಮೇಲೆ ಮಾತ್ರ ಕೆಂಪಾಗಿದ್ದು ಒಳಗೆ ಬಿಳಿ ಇದ್ರೆ ಇನ್ನೂ ಸ್ವಲ್ಪ ದಿನ ಬರ್ತದೆ, ಒಳಗಿನ ತೂತಿನವರೆಗೂ ಬಣ್ಣ ಹೋಗಿದ್ರೆ ಬದಲಿಸಿ. ಗಟ್ಟಿ ಪರೀಕ್ಷೆ ಬೇಕಾದ್ರೆ ಕ್ಯಾಂಡಲ್ ತೆಗೆದು ಖಾಲಿ ಬೌಲ್ ಹಾಕಿ, ಬೌಲಿನಿಂದ ಮಶಿನಿಗೆ ಹೋಗುವ ಪೈಪ್ ತೆಗೆದು ಬಕೆಟಿಗೆ ಹಿಡಿದು ವಾಲ್ವ್ ತೆರೆದು ನೋಡಿ. ಕ್ಯಾಂಡಲ್ ಇಲ್ಲದೆ ಜೋರು ಬಂದು ಕ್ಯಾಂಡಲ್ ಹಾಕಿದ ಕೂಡಲೇ ಸಣ್ಣ ಆದ್ರೆ ಕ್ಯಾಂಡಲ್ ಹೋದದ್ದೇ. ಕ್ಯಾಂಡಲ್ ಇಲ್ಲದೆ ಮಶಿನ್ ಮಾತ್ರ ಓಡಿಸ್ಬೇಡಿ, ಒಂದೇ ದಿನಕ್ಕೆ ಅಂತಲೂ ಬೇಡ.

ಕ್ಯಾಂಡಲನ್ನು ಬ್ರಷ್ಷಲ್ಲಿ ತಿಕ್ಕಿ ತೊಳೆದು ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿ ಉಂಟು. ಮೇಲಿನ ಮಣ್ಣು ಹೋಗ್ತದೆ, ಆದ್ರೆ ನೂಲಿನ ಹಾಗೆ ಸುತ್ತಿದ ಒಳಗಿನ ಪದರದಲ್ಲಿ ಸಿಕ್ಕಿದ್ದು ಹೋಗುದಿಲ್ಲ, ತಿಕ್ಕಿ ತಿಕ್ಕಿ ಅದು ಸಡಿಲ ಆಗಿ ಮಣ್ಣು ಮುಂದೆ ದಾಟ್ತದೆ. ಪೇಟೆಗೆ ಹೋಗುವವರೆಗೆ ಒಂದೆರಡು ದಿನಕ್ಕೆ ಪರವಾಗಿಲ್ಲ, ಅದಕ್ಕಿಂತ ಹೆಚ್ಚು ಬೇಡ.

ಹೊಸ ಕ್ಯಾಂಡಲ್ ಹಾಕಿಯೂ ಸರಿ ಆಗದಿದ್ರೆ ಎರಡು ಗ್ಲಾಸ್ ತೆಕೊಳ್ಳಿ. ಒಂದು ಗ್ಲಾಸಿಗೆ ವೇಸ್ಟ್ ಪೈಪಿನ ನೀರು, ಇನ್ನೊಂದಕ್ಕೆ ಶುದ್ಧ ನೀರು ಟ್ಯಾಂಕಿಗೆ ಬೀಳುವ ಪೈಪಿನದ್ದು, ಒಂದೊಂದು ನಿಮಿಷ ಹಿಡೀರಿ. ಸರಿ ಇರುವ ಮಶಿನಲ್ಲಿ ಒಂದು ಪಾಲು ಶುದ್ಧ ನೀರಿಗೆ ಎರಡು ಮೂರು ಪಾಲು ವೇಸ್ಟ್ ಹೋಗ್ತದೆ. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್ ಎಲ್ಲ ಸರಿ ಇದ್ರೆ ಗಂಟೆಗೆ 10-12 ಲೀಟರ್ ಕೊಡ್ತದೆ, ನಿಮಿಷಕ್ಕೆ ಹತ್ತಿರ ಹತ್ತಿರ ಒಂದು ಸಣ್ಣ ಗ್ಲಾಸ್.

ಎರಡೂ ಪೈಪಲ್ಲಿ ಕಡಿಮೆ ಇದ್ರೆ ತಡೆ ಮೆಂಬ್ರೇನಿಗಿಂತ ಮುಂಚೆಯೇ ಉಂಟು, ಒಳಗಿನ ಸೆಡಿಮೆಂಟ್ ಅಥವಾ ಕಾರ್ಬನ್ ಕಟ್ಟಿದೆ, ಇಲ್ಲದ್ರೆ ಕರೆಂಟಲ್ಲಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಸರಿ ತೆರೆಯುದಿಲ್ಲ. ವೇಸ್ಟ್ ಜೋರು, ಶುದ್ಧ ನೀರು ಹನಿ ಹನಿ, ಹಾಗಿದ್ರೆ ಮೆಂಬ್ರೇನ್ ಕಟ್ಟಿದೆ ಅಥವಾ ಪಂಪ್ ಒತ್ತಡ ಸಾಲುದಿಲ್ಲ ಅಥವಾ ವೇಸ್ಟ್ ಲೈನಲ್ಲಿ ಇರುವ ಎಫ್‌ಆರ್ ಅನ್ನುವ ಸಣ್ಣ ಬಿಳಿ ಕೊಳವೆ ಹೋಗಿದೆ, ಅದು ವೇಸ್ಟನ್ನು ಹಿಡಿದು ನಿಲ್ಲಿಸದಿದ್ರೆ ಒತ್ತಡವೇ ಆಗುದಿಲ್ಲ. ಎಫ್‌ಆರ್ ತುಂಬ ಕಮ್ಮಿ ಕ್ರಯದ್ದು, ಮೆಂಬ್ರೇನ್ ಬದಲಿಸುವ ಮೊದ್ಲು ಅದನ್ನು ಬದಲಿಸಿ ನೋಡಿ ಅಂತ ಸರ್ವಿಸ್‌ನವ್ರಿಗೆ ನೀವೇ ಹೇಳಿ. ವೇಸ್ಟ್ ಪೈಪಲ್ಲಿ ಎಂತದೂ ಬರದೆ ಶುದ್ಧ ನೀರು ಮಾತ್ರ ಬಂದ್ರೆ ಖುಷಿ ಪಡ್ಬೇಡಿ, ಎಫ್‌ಆರ್ ಕಟ್ಟಿ ಹೋಗಿದೆ, ಉಪ್ಪೆಲ್ಲ ಮೆಂಬ್ರೇನ್ ಮೇಲೆಯೇ ಕೂತು ಕೆಲವು ವಾರದಲ್ಲಿ ಅದನ್ನು ಕೊಲ್ತದೆ, ಕೂಡಲೇ ಮಶಿನ್ ನಿಲ್ಲಿಸಿ.

ಹೊಸ ಕ್ಯಾಂಡಲ್ ಹಾಕಿ ಹತ್ತು ದಿನಕ್ಕೆ ಕೆಂಪಾಗ್ತದೆ

ಇದು ಬಾವಿ ನೀರಿನ ಮನೆಗಳ ಸಮಸ್ಯೆ. ಕೆಂಪು ಅಂದ್ರೆ ಎರಡು ರೀತಿ, ಮಣ್ಣಿನ ಕೆಂಪು ಬೇರೆ, ಕಬ್ಬಿಣದ ಕೆಂಪು ಬೇರೆ, ಎರಡಕ್ಕೂ ಮದ್ದು ಬೇರೆ ಬೇರೆ.

ಬಾವಿಯಿಂದ ನೇರ ಒಂದು ಗಾಜಿನ ಗ್ಲಾಸ್ ನೀರು ತೆಗೆದು ಕಿಟಕಿ ಹತ್ರ ಇಡಿ. ತೆಗೆಯುವಾಗಲೇ ಕಲಂಕು ಇದ್ದು, ಮರುದಿನ ಬೆಳಿಗ್ಗೆ ಅಡಿಯಲ್ಲಿ ಮಣ್ಣು ಕೂತು ಮೇಲೆ ತಿಳಿ ಆಗಿದ್ರೆ ಅದು ಮಣ್ಣು. ತೆಗೆಯುವಾಗ ಕಣ್ಣೀರಿನ ಹಾಗೆ ತಿಳಿ ಇದ್ದು, ಕೆಲವು ಗಂಟೆ ಬಿಟ್ಟ ಮೇಲೆ ಹಳದಿ, ಮತ್ತೆ ಕಿತ್ತಳೆ ಬಣ್ಣ ಬಂದ್ರೆ ಅದು ಕಬ್ಬಿಣ. ನೀರಲ್ಲಿ ಕರಗಿದ ಕಬ್ಬಿಣ ಕಣ್ಣಿಗೆ ಕಾಣುದಿಲ್ಲ, ಗಾಳಿ ತಾಗಿದ ಮೇಲೆ ತುಕ್ಕಾಗಿ ಕಾಣ್ತದೆ. ಅಜ್ಜಿಯಂದಿರಿಗೆ ಇದು ಬೇರೆ ರೀತಿ ಗೊತ್ತುಂಟು, "ಈ ಬಾವಿ ನೀರಲ್ಲಿ ಚಾ ಕಪ್ಪಾಗ್ತದೆ" ಅಂತಾರೆ. ಚಾ ಸೊಪ್ಪಿನ ಒಗರು ಕಬ್ಬಿಣದ ಒಟ್ಟಿಗೆ ಸೇರಿದ್ರೆ ಮಸಿ ಬಣ್ಣ ಆಗುದು ಹೌದು, ಪೇರಳೆ ಎಲೆ ಜಜ್ಜಿ ಹಾಕಿದ್ರೂ ಹಾಗೇ ಆಗ್ತದೆ. ಲ್ಯಾಬಿಗೆ ಹೋಗುವ ಮೊದ್ಲು ಮನೆಯಲ್ಲೇ ಮಾಡ್ಬಹುದಾದ ಒಳ್ಳೆ ಪರೀಕ್ಷೆ ಇದು.

ಬಾವಿಯ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಹೊಳಪಿನ ಪದರ ಇದ್ರೆ ಒಂದು ಕೋಲು ತಾಗಿಸಿ ನೋಡಿ. ಗಾಜು ಒಡೆದ ಹಾಗೆ ತುಂಡು ತುಂಡಾಗಿ ಹಾಗೇ ನಿಂತ್ರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪದರ. ಕೋಲು ತೆಗೆದ ಕೂಡಲೇ ಮತ್ತೆ ಸೇರಿ ಒಂದಾದ್ರೆ ನಿಜವಾದ ಎಣ್ಣೆ, ಹತ್ತಿರದ ಪಂಪಿನ ಡೀಸೆಲ್ ಅಥವಾ ಆಯಿಲ್ ಬಾವಿಗೆ ಇಳಿದಿರ್ಬಹುದು, ಆ ನೀರನ್ನು ಫಿಲ್ಟರ್ ಮಾಡಿ ಕುಡೀಬೇಡಿ, ಕುದಿಸಿದ್ರೂ ಅದು ಹೋಗುದಿಲ್ಲ.

ಮಣ್ಣಾದ್ರೆ ಸುಲಭ. ಮಾಡಿನ ಟ್ಯಾಂಕ್ ಮಳೆ ಶುರು ಆಗುವ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ತೊಳೀರಿ. ಟ್ಯಾಂಕಿನ ಅಡಿಯಲ್ಲಿ ಕೂತ ಕೆಸರೇ ಎಷ್ಟೋ ಕ್ಯಾಂಡಲ್ ತಿಂತದೆ. ಕಬ್ಬಿಣ ಆದ್ರೆ ವಾರಕ್ಕೊಂದು ಕ್ಯಾಂಡಲ್ ಹಾಕಿ ದುಡ್ಡು ಹಾಳು ಮಾಡುದ್ರಲ್ಲಿ ಅರ್ಥ ಇಲ್ಲ, ತುಕ್ಕಾದದ್ದು ಮಾತ್ರ ಕ್ಯಾಂಡಲಿಗೆ ಸಿಗ್ತದೆ, ಕರಗಿದ ಕಬ್ಬಿಣ ಸಿಗುದೇ ಇಲ್ಲ, ದಾಟಿ ಹೋಗಿ ಮೆಂಬ್ರೇನಿನ ಮೇಲೆ ತುಕ್ಕಾಗಿ ಕೂರ್ತದೆ. ಅದಕ್ಕೆ ಗಾಳಿ ತಾಗಿಸ್ಬೇಕು. ಪಂಪಿನ ನೀರು ಟ್ಯಾಂಕಿಗೆ ಬೀಳುವಲ್ಲಿ ಪೈಪಿನ ಬಾಯಿಗೆ ಒಂದು ಹಳೆ ಶವರ್ ಹೆಡ್ ಹಾಕಿ ನೀರು ಚಿಮ್ಮಿ ಬೀಳುವ ಹಾಗೆ ಮಾಡಿ, ರಾತ್ರಿ ಪೂರ್ತಿ ಕೂರ್ಲಿಕ್ಕೆ ಬಿಡಿ, ಔಟ್‌ಲೆಟ್ ಟ್ಯಾಂಕಿನ ತಳದಿಂದ ಅರ್ಧ ಅಡಿಯಾದ್ರೂ ಮೇಲೆ ಇರ್ಲಿ. ನಮ್ಮ ಮನೆಯಲ್ಲಿ ಇಷ್ಟು ಮಾಡಿದ್ದರಿಂದಲೇ ಕ್ಯಾಂಡಲ್ ಬದಲಿಸುದು ಮೂರನೇ ಒಂದು ಪಾಲಿಗೆ ಇಳಿದಿದೆ. ಅದ್ರಲ್ಲೂ ಆಗದಿದ್ರೆ ಇಡೀ ಮನೆಗೆ ಐರನ್ ರಿಮೂವಲ್ ಫಿಲ್ಟರ್ ಅಂತ ಬೇರೆ ಬರ್ತದೆ, ಆದ್ರೆ ಅದನ್ನು ಕೊಳ್ಳುವ ಮೊದ್ಲು ನೀರಿನ ಪಿಎಚ್ ಲ್ಯಾಬಲ್ಲಿ ನೋಡಿಸಿ, ಮುರಕಲ್ಲಿನ ಬಾವಿ ನೀರು ಹೆಚ್ಚಾಗಿ ಸ್ವಲ್ಪ ಹುಳಿ ಗುಣದ್ದು, ಹುಳಿ ನೀರಲ್ಲಿ ಕಬ್ಬಿಣ ಬೇಗ ತುಕ್ಕಾಗುದಿಲ್ಲ, ಮಶಿನ್ ಸರಿ ಕೆಲಸ ಮಾಡುದಿಲ್ಲ.

ಕ್ಯಾಂಡಲ್ ಹಸುರಾಗಿದ್ರೆ ಅದು ಪಾಚಿ. ಪಾರದರ್ಶಕ ಬೌಲಿಗೆ ಬಿಸಿಲು ಬೀಳ್ತಾ ಉಂಟು ಅಂತ ಅರ್ಥ. ಬೌಲ್ ನೆರಳಿಗೆ ತನ್ನಿ ಅಥವಾ ದಪ್ಪ ಬಟ್ಟೆಯ ಚೀಲ ಹೊಲಿದು ಹಾಕಿ.

ರುಚಿ ಬದಲಾಗಿದೆ, ವಾಸನೆ ಬರ್ತದೆ

ಬ್ಲೀಚಿಂಗ್ ವಾಸನೆ ಫಿಲ್ಟರ್ ಮಾಡಿದ ನೀರಲ್ಲೂ ಬಂದ್ರೆ ಕಾರ್ಬನ್ ಮುಗಿದಿದೆ. ಮಂಗಳೂರಿಗೆ ತುಂಬೆಯಿಂದ ಬರುವ ನೇತ್ರಾವತಿ ನೀರು, ಉಡುಪಿಗೆ ಬಜೆಯಿಂದ ಬರುವ ಸ್ವರ್ಣೆ ನೀರು, ಎರಡಕ್ಕೂ ಕ್ಲೋರಿನ್ ಹಾಕಿಯೇ ಬಿಡುದು, ಹಾಕಲೇಬೇಕು, ಅದು ಒಳ್ಳೆಯದೇ. ಆದ್ರೆ ಅದನ್ನು ಕಾರ್ಬನ್ ಹಿಡಿಯದಿದ್ರೆ ಮೆಂಬ್ರೇನ್ ಹೋಗ್ತದೆ ಅಂತ ಮೊದ್ಲೇ ಹೇಳಿದೆ. ಹಾಗಾಗಿ ಈ ವಾಸನೆ ಬಂದ್ರೆ ನಾಳೆ ನಾಡಿದ್ದು ಅನ್ನದೆ ಕಾರ್ಬನ್ ಬದಲಿಸಿ, ಸಾಧಾರಣ 6 ತಿಂಗಳಿಂದ ಒಂದು ವರ್ಷ ಅದ್ರ ಆಯುಷ್ಯ.

ಬಾವಿಗೆ ನಾವೇ ಬ್ಲೀಚಿಂಗ್ ಪೌಡರ್ ಹಾಕುವವ್ರು ಇಲ್ಲಿ ಇನ್ನೂ ಹೆಚ್ಚು ಜಾಗ್ರತೆ ಮಾಡ್ಬೇಕು. ಲೆಕ್ಕ ಹೀಗೆ, 1000 ಲೀಟರಿಗೆ ಒಳ್ಳೆ ಬ್ಲೀಚಿಂಗ್ ಪೌಡರ್ 2.5 ಗ್ರಾಂ. ಬಾವಿಯ ಅಗಲ 2 ಮೀಟರ್, ನೀರು 3 ಮೀಟರ್ ಆಳ ಇದ್ರೆ ನೀರು ಹತ್ತಿರ ಹತ್ತಿರ 9,400 ಲೀಟರ್, ಅದಕ್ಕೆ 24 ಗ್ರಾಂ ಸಾಕು. ಬಕೆಟಲ್ಲಿ ಕದಡಿ, ಸುಣ್ಣ ಅಡಿಗೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಹಾಕಿ ಕೊಡಪಾನ ಇಳಿಸಿ ಎತ್ತಿ ಕಲಕಿ, ಕನಿಷ್ಠ ಒಂದು ಗಂಟೆ ನೀರು ತೆಗೀಬೇಡಿ, ರಾತ್ರಿ ಹಾಕಿ ಬೆಳಿಗ್ಗೆವರೆಗೆ ಬಿಡುದು ಎಲ್ಲಕ್ಕಿಂತ ಒಳ್ಳೆದು. ವಾಸನೆ ಪೂರ್ತಿ ಹೋಗುವವರೆಗೆ ಫಿಲ್ಟರಿನ ವಾಲ್ವ್ ಬಂದ್ ಇರ್ಲಿ. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ತಾಗ್ಬಾರ್ದು, ವಿಷದ ಗಾಳಿ ಬರ್ತದೆ.

ಕೊಳೆತ ಮೊಟ್ಟೆ ವಾಸನೆ ಅಥವಾ ಮುಗ್ಗಲು ವಾಸನೆ ಬಂದ್ರೆ ನೀರು ಒಳಗೆ ನಿಂತು ಬ್ಯಾಕ್ಟೀರಿಯಾ ಬೆಳೆದಿದೆ. ಮುಂಬೈಗೆ, ದುಬೈಗೆ ಮಕ್ಕಳ ಮನೆಗೆ ಹೋಗಿ ತಿಂಗಳು ಕಳೆದು ಬಂದವ್ರ ಮನೆಯಲ್ಲಿ ಇದು ಹೆಚ್ಚು. ಟ್ಯಾಂಕ್ ಖಾಲಿ ಮಾಡಿ ತೊಳೆದು ಎರಡು ಸಲ ತುಂಬಿಸಿ ಚೆಲ್ಲಿ, ಆಗ್ಲೂ ಹೋಗದಿದ್ರೆ ಕಾರ್ಬನ್ ಒಳಗೇ ಬೆಳೆದಿದೆ, ಬದಲಿಸ್ಬೇಕು. ಹೊಸ ಕಾರ್ಬನ್ ಹಾಕಿದ ದಿನ ಕಪ್ಪು ಹುಡಿ ಬರುದು ಸಹಜ, ಮೆಂಬ್ರೇನಿಗೆ ಕೊಡುವ ಪೈಪ್ ಸಿಕ್ಕಿಸುವ ಮೊದ್ಲು ಐದು ನಿಮಿಷ ಬಕೆಟಿಗೆ ಬಿಡಿ. ಒಂದು ವಾರ ಆದ್ರೂ ಕಪ್ಪು ಹುಡಿ ನಿಲ್ಲದಿದ್ರೆ ಕಾರ್ಬನ್ ಒಳಗೆ ಒಡೆದಿದೆ, ಅಂಗಡಿಗೆ ವಾಪಸ್ ಕೊಡಿ.

ಏಪ್ರಿಲ್ ಮೇಯಲ್ಲಿ ಉಪ್ಪು ರುಚಿ ಬಂದ್ರೆ ಮೊದ್ಲು ಬಾವಿ ನೀರಿನ ಟಿಡಿಎಸ್ ನೋಡಿ, ಫಿಲ್ಟರನ್ನು ಅನುಮಾನ ಮಾಡುದು ಆಮೇಲೆ. ಶಾಂಭವಿ ನಂದಿನಿ ಕಡಲು ಸೇರುವ ಮುಲ್ಕಿ ಬದಿ, ಸ್ವರ್ಣೆ ಸೀತೆ ಸೇರುವ ಕೋಡಿಬೇಂಗ್ರೆ ಬದಿ, ಹೊಳೆಯಲ್ಲಿ ಸಿಹಿನೀರು ಇಳಿದ ಕೂಡಲೇ ಭರತದಲ್ಲಿ ಉಪ್ಪು ನೀರು ಮೇಲೆ ಬರ್ತದೆ, ಅದನ್ನು ತಡೀಲಿಕ್ಕೇ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುದು. ಬಾವಿಯೇ ಉಪ್ಪಾದ್ರೆ ಕ್ಯಾಂಡಲ್, ಕಾರ್ಬನ್ ಯಾವುದೂ ಉಪ್ಪು ತೆಗಿಯುದಿಲ್ಲ, ಮೆಂಬ್ರೇನ್ ಮಾತ್ರ ತೆಗೀತದೆ.

ಟಿಡಿಎಸ್ ನಂಬರ್ ಏರಿದೆ

ಒಳಗೆ ಹೋಗುವ ನೀರು 400, ಹೊರಗೆ ಬರುದು 40 ಇದ್ರೆ ಮೆಂಬ್ರೇನ್ 90 ಪರ್ಸೆಂಟ್ ಉಪ್ಪು ತೆಗೀತಾ ಉಂಟು, ಒಳ್ಳೆದು. ಅದೇ 400ಕ್ಕೆ ಹೊರಗೆ 120 ಬಂದ್ರೆ 70 ಪರ್ಸೆಂಟಿಗೆ ಇಳಿದಿದೆ. ಆದ್ರೆ ಕೂಡಲೇ ಮೆಂಬ್ರೇನ್ ಬದಲಿಸ್ಬೇಡಿ. ಹೆಚ್ಚಿನ ಮಶಿನಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಸಣ್ಣ ಕಿವಿ ಉಂಟು, ಅದು ಸ್ವಲ್ಪ ಕಚ್ಚಾ ನೀರನ್ನು ಶುದ್ಧ ನೀರಿಗೆ ಬೆರೆಸ್ತದೆ, ಯಾರೋ ಅದನ್ನು ಹೆಚ್ಚು ತಿರುಗಿಸಿ ಹೋಗಿರ್ತಾರೆ. ಅದನ್ನು ಪೂರ್ತಿ ಬಂದ್ ಮಾಡಿ ಹತ್ತು ನಿಮಿಷ ಓಡಿಸಿ, ಟ್ಯಾಂಕಿನ ನೀರಲ್ಲ, ಪೈಪಿಂದ ಬೀಳುವ ನೀರನ್ನೇ ಅಳತೆ ಮಾಡಿ. ಹಾಗೆ ಮಾಡಿಯೂ ಏರಿಯೇ ಇದ್ರೆ ಮೆಂಬ್ರೇನಿನ ಓ-ರಿಂಗ್ (ರಬ್ಬರ್ ಬಳೆ) ಸರಿ ಕೂತಿದೆಯಾ ನೋಡ್ಬೇಕು, ಅದಾದ ಮೇಲೆಯೇ ಮೆಂಬ್ರೇನ್. ಹೊಸ ಮೆಂಬ್ರೇನ್ ಹಾಕಿದ್ರೆ ಮೊದಲ ಎರಡು ಟ್ಯಾಂಕ್ ನೀರು ಕುಡೀಬೇಡಿ, ಗಿಡಕ್ಕೆ ಹಾಕಿ.

ಈಗ ಒಂದು ಮಾತು ಕಾಳಜಿಯಿಂದ ಹೇಳ್ತೇನೆ. ಕಾರ್ಕಳ, ಮೂಡುಬಿದಿರೆ ಕಡೆ ಮುರಕಲ್ಲಿನ ಬಾವಿ ನೀರು ನಾನು ಅಳತೆ ಮಾಡಿದಲ್ಲೆಲ್ಲ 100ರ ಒಳಗೇ ಇತ್ತು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಟಿಡಿಎಸ್ 500ರ ವರೆಗೆ ಒಳ್ಳೆದು ಅಂತದೆ, ಬೇರೆ ನೀರೇ ಇಲ್ಲದಿದ್ರೆ 2000ದ ವರೆಗೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಡ 500ಕ್ಕಿಂತ ಕಮ್ಮಿ ಇರುವಲ್ಲಿ ಆರ್‌ಓ ಬೇಡ ಅಂತ ಹೇಳಿತ್ತು. 60 ಇರುವ ನೀರಿಗೆ ಮೆಂಬ್ರೇನ್ ಹಾಕಿ, ಒಂದು ಲೀಟರಿಗೆ ಎರಡು ಮೂರು ಲೀಟರ್ ಚೆಲ್ಲಿ, ಎರಡು ಮೂರು ವರ್ಷಕ್ಕೊಮ್ಮೆ ಸಾವಿರಗಟ್ಟಲೆ ಕೊಟ್ಟು ಮೆಂಬ್ರೇನ್ ಬದಲಿಸ್ತಾ ಇರುವ ಮನೆಗಳು ಎಷ್ಟೋ ಉಂಟು, ಅವ್ರಿಗೆ ಕ್ಯಾಂಡಲ್, ಕಾರ್ಬನ್, ಯುವಿ ಇಷ್ಟು ಇದ್ರೆ ಸಾಕಿತ್ತು. ಮಶಿನ್ ಹಳತಾಗಿ ಹೊಸದು ತೆಗೆಯುವಾಗ ಇದನ್ನು ಯೋಚಿಸಿ.

ಮತ್ತೆ ಟಿಡಿಎಸ್ ಮೀಟರ್ ರೋಗಾಣು ತೋರಿಸುದಿಲ್ಲ. 40 ಅಂತ ತೋರಿಸಿದ ನೀರಲ್ಲೂ ಇ-ಕೋಲೈ ಇರ್ಬಹುದು. ಮೀಟರ್ ಅದ್ದಿ ತೋರಿಸಿ "ನೋಡಿ ಎಷ್ಟು ಶುದ್ಧ" ಅನ್ನುವವ್ರ ಮಾತು ಅರ್ಧ ಮಾತ್ರ ಕೇಳಿ.

ಯುವಿ ಲೈಟ್ ಕೆಂಪು, ಬೀಪ್ ಆಗ್ತದೆ

ಯುವಿ ಲ್ಯಾಂಪಿನ ಆಯುಷ್ಯ 8,000-9,000 ಗಂಟೆ, ದಿನ ಪೂರ್ತಿ ಉರಿಯುವ ಮಶಿನಲ್ಲಿ ಹೆಚ್ಚು ಕಮ್ಮಿ ಒಂದು ವರ್ಷ. ನೀಲಿ ಬೆಳಕು ಕಾಣ್ತದಲ್ಲ, ಮತ್ತೆ ಎಂತಕ್ಕೆ ಬದಲಿಸುದು ಅಂತ ಕೇಳ್ತಾರೆ. ನಮಗೆ ಕಾಣುವ ನೀಲಿ ಬೇರೆ, ಕ್ರಿಮಿ ಕೊಲ್ಲುವ 254 ನ್ಯಾನೋಮೀಟರ್ ಕಿರಣ ಕಣ್ಣಿಗೆ ಕಾಣುದೇ ಇಲ್ಲ, ಅದು ಕಡಿಮೆ ಆದ ಮೇಲೂ ನೀಲಿ ಉರೀತಾ ಇರ್ತದೆ. ಹಾಗಾಗಿ ಇದೊಂದನ್ನು ಮಾತ್ರ ಲಕ್ಷಣ ಕಾಯದೆ ತಾರೀಕು ನೋಡಿ ಬದಲಿಸ್ಬೇಕು.

ಹೊಸ ಲ್ಯಾಂಪ್ ಇದ್ದೂ ಎಚ್ಚರಿಕೆ ಬಂದ್ರೆ ಮೊದ್ಲು ಲ್ಯಾಂಪಿನ ಪಿನ್ ಸಡಿಲ ಆಗಿದೆಯಾ ನೋಡಿ. ಗಾಜಿನ ಕೊಳವೆ ಇರುವ ಮಾಡೆಲ್ ಆದ್ರೆ ಅದ್ರ ಮೇಲೆ ಕಬ್ಬಿಣದ ಕಿಟ್ಟ ಕಟ್ಟಿರ್ತದೆ, ಲಿಂಬೆ ರಸ ಅಥವಾ ವಿನೆಗರಲ್ಲಿ ಮೆತ್ತಗೆ ಒರೆಸಿ. ಉರಿಯುವ ಲ್ಯಾಂಪನ್ನು ಬಿಚ್ಚಿ ಕಣ್ಣಲ್ಲಿ ನೋಡ್ಬೇಡಿ, ಕಣ್ಣಿಗೂ ಚರ್ಮಕ್ಕೂ ಪೆಟ್ಟು. ಒಡೆದ್ರೆ ಅದ್ರಲ್ಲಿ ಪಾದರಸ ಉಂಟು, ಕಿಟಕಿ ತೆರೆದು, ಗುಡಿಸದೆ, ಗಟ್ಟಿ ಕಾಗದದಲ್ಲಿ ಒಟ್ಟು ಮಾಡಿ ಡಬ್ಬಕ್ಕೆ ಹಾಕಿ ಮುಚ್ಚಿ. ಲ್ಯಾಂಪ್ ಸರಿ ಆಗುವವರೆಗೆ ನೀರು ಕುದಿಸಿ, ಗುಳ್ಳೆ ಜೋರಾಗಿ ಎದ್ದ ಮೇಲೆ ಒಂದು ನಿಮಿಷ.

ಸೋರುದು, ಮಶಿನ್ ನಿಂತ್ರೂ ವೇಸ್ಟ್ ಹೋಗ್ತಾ ಇರುದು

ಕ್ಯಾಂಡಲ್ ಬದಲಿಸಿದ ಮರುದಿನ ಸೋರಿದ್ರೆ ನೂರಕ್ಕೆ ತೊಂಬತ್ತು ಬೌಲಿನ ಓ-ರಿಂಗ್ ತಿರುಚಿದೆ. ತೆಗೆದು ಒರೆಸಿ, ಅದ್ರ ಗುಂಡಿಯಲ್ಲಿ ಸರಿ ಕೂರಿಸಿ, ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರಲ್ಲಿ ಜೀವ ಹಾಕಿ ತಿರುಗಿಸಿದ್ರೆ ಬೌಲ್ ಬಿರುಕು ಬಿಡ್ತದೆ, ಮನೆಯಲ್ಲಿ ಯಾರೂ ಇಲ್ಲದಾಗ ಒಡೆದು ಅಡುಗೆಮನೆ ಇಡೀ ನೀರಾದದ್ದು ನಾನು ಕಂಡಿದ್ದೇನೆ. ಪೈಪ್ ತುದಿ ಓರೆ ಕತ್ತರಿಸಿದ್ರೂ ಸೋರ್ತದೆ, ಬ್ಲೇಡಲ್ಲಿ ನೇರ ಕತ್ತರಿಸಿ ಒಳಗೆ ತಾಗುವವರೆಗೆ ದೂಡಿ.

ಟ್ಯಾಂಕ್ ತುಂಬಿ ಪಂಪ್ ನಿಂತ ಮೇಲೂ ವೇಸ್ಟ್ ಪೈಪಲ್ಲಿ ನೀರು ಹೋಗ್ತಾ ಇದ್ರೆ ಸೊಲೆನಾಯ್ಡ್ ವಾಲ್ವಿಗೆ ಮರಳು ಸಿಕ್ಕಿದೆ. ಬದಲಿಸ್ಬೇಕು, ಅಲ್ಲಿಯವರೆಗೆ ಬೇಕಾದಾಗ ಮಾತ್ರ ಕೈಯಲ್ಲಿ ವಾಲ್ವ್ ತೆರೀರಿ.

ಆನ್ ಆಗುದೇ ಇಲ್ಲ

ಟ್ಯಾಂಕ್ ತುಂಬಿದ್ರೆ ಅಥವಾ ಬರುವ ನೀರಲ್ಲಿ ಒತ್ತಡ ಇಲ್ಲದಿದ್ರೆ ಮಶಿನ್ ತಾನಾಗಿ ನಿಲ್ತದೆ, ಅದು ದೋಷ ಅಲ್ಲ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಉಂಟಾ ನೋಡಿ. ಪತ್ತನಾಜೆಯ (ಮೇ ಕೊನೆಯ ತುಳುವರ ದಿನ) ಆಸುಪಾಸಿನ ಗುಡುಗು ಸಿಡಿಲಲ್ಲಿ ಮೊದ್ಲು ಹೋಗುದು 24 ವೋಲ್ಟಿನ ಅಡಾಪ್ಟರ್. ಅದ್ರ ಲೈಟ್ ಉರಿಯದಿದ್ರೆ ಅಷ್ಟೇ ವೋಲ್ಟ್ ಮತ್ತೆ ಅಷ್ಟೇ ಆಂಪಿಯರ್ ಬರೆದದ್ದು ನೋಡಿ ತೆಕೊಳ್ಳಿ. ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆದಿಡಿ. ಸುಟ್ಟ ವಾಸನೆ ಬಂದ್ರೆ, ನಳ್ಳಿ ಮುಟ್ಟಿದಾಗ ಚುರುಕ್ ಅಂದ್ರೆ ಅಲ್ಲಿಗೆ ನಿಲ್ಲಿಸಿ, ಒದ್ದೆ ಕೈಯಲ್ಲಿ ಮತ್ತೆ ಮುಟ್ಬೇಡಿ, ಇಲೆಕ್ಟ್ರಿಶಿಯನ್ ಬಂದು ಅರ್ತಿಂಗ್ ನೋಡ್ಲಿ.

ಯಾವಾಗ ಕೈ ಬಿಟ್ಟು ಬೇರೆಯವ್ರನ್ನು ಕೇಳುದು

ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ಭೇದಿ ವಾಂತಿ ಶುರು ಆದ್ರೆ, ಯಾರಿಗಾದ್ರೂ ಅರಿಶಿನ ಕಾಮಾಲೆ ಆದ್ರೆ ಫಿಲ್ಟರ್ ರಿಪೇರಿ ಬದಿಗಿಡಿ, ಡಾಕ್ಟ್ರ ಹತ್ರ ಹೋಗಿ, ಎಲ್ಲರೂ ಕುದಿಸಿದ ನೀರು ಮಾತ್ರ ಕುಡೀರಿ, ಬಾವಿ ನೀರು ಪರೀಕ್ಷೆಗೆ ಕೊಡಿ. ಆಟಿ ತಿಂಗಳಲ್ಲಿ (ಜುಲೈ ಆಗಸ್ಟ್) ಬಾವಿ ಕಟ್ಟೆವರೆಗೆ ತುಂಬಿದಾಗ ಟಾಯ್ಲೆಟ್ ಗುಂಡಿಯ ನೀರು ಸೇರುವ ಅಪಾಯ ಎಲ್ಲಕ್ಕಿಂತ ಹೆಚ್ಚು. ಗ್ರಾಮ ಪಂಚಾಯತಲ್ಲಿ ನೀರು ಪರೀಕ್ಷೆಯ ಕಿಟ್ ಉಂಟಾ ಕೇಳಿ. ಸಣ್ಣ ಬಾಟಲಿಗೆ ಗೆರೆವರೆಗೆ ನೀರು ತುಂಬಿ ಒಂದೆರಡು ದಿನ ಇಡುದು, ಕಪ್ಪಾದ್ರೆ ಮಲದ ಕಲ್ಮಶ ಸೇರಿದ ಅನುಮಾನ, ಲ್ಯಾಬಿಗೆ ಕೊಡ್ಲೇಬೇಕು.

ಸರ್ವಿಸ್‌ನವ್ರು ಬಂದಾಗ ತೆಗೆದ ಹಳೆ ಪಾರ್ಟನ್ನು ತಟ್ಟೆಯಲ್ಲಿ ಇಡಿಸಿ ನೋಡಿ, ಬದಲಿಸುವ ಮುಂಚೆ ಮತ್ತೆ ಆಮೇಲಿನ ಟಿಡಿಎಸ್ ಬರೆದಿಡಿ. "ಎಲ್ಲ ಒಟ್ಟಿಗೆ" ಅಂದ್ರೆ "ಯಾವುದು ಹೇಗೆ ಹೋದದ್ದು ತೋರಿಸಿ ಅಣ್ಣ" ಅಂತ ಕೇಳಿ, ಒಳ್ಳೆ ಕೆಲಸ ಗೊತ್ತಿರುವವ್ರು ಖುಷಿಯಲ್ಲೇ ತೋರಿಸ್ತಾರೆ. ಹಾಕಿದ ಪಾರ್ಟಿನ ಮೇಲೆ ಮಾರ್ಕರಲ್ಲಿ ತಾರೀಕು ಬರೀರಿ, ಒಳಗೆ ಗೋಡೆಯಲ್ಲಿ ಅಲ್ಲ, ಪಾರ್ಟಿನ ಮೇಲೆಯೇ.

ಮೇ ಕೊನೆಗೆ ಎರಡು ಬಿಳಿ ಕ್ಯಾಂಡಲ್ ಮತ್ತೆ ಒಂದು ಓ-ರಿಂಗ್ ತಂದು ಮನೆಯಲ್ಲಿಡಿ. ಪ್ಲಾಸ್ಟಿಕ್ ಬಿಚ್ಚದೆ, ಅಟ್ಟದಲ್ಲಿ ಅಲ್ಲ, ಅಲ್ಲಿ ಬಿಸಿ ಮತ್ತೆ ಇಲಿ, ಅಡುಗೆಮನೆಯ ಒಣ ಕಪಾಟಲ್ಲಿ. ಮೆಂಬ್ರೇನ್ ಮತ್ತೆ ಕಾರ್ಬನ್ ಮಾತ್ರ ಮುಂಚೆ ತಂದು ಇಡ್ಬೇಡಿ, ಬೇಕಾದಾಗ ತನ್ನಿ, ನಮ್ಮ ಮಳೆಗಾಲದ ತಂಡಿಗೆ ಪ್ಯಾಕ್ ಸ್ವಲ್ಪ ತೂತಾದ್ರೂ ಒಳಗೆ ಬೂಸ್ಟು ಹಿಡಿತದೆ.